ಮಡಕೆ ಸ್ಪೀಕರು

ನಮ್ಮ ಮನೆಯ ಮೊದಲ ಸ್ಪೀಕರು ಮಡಕೆ. ಹಾಸ್ಟೆಲ್‌ನಲ್ಲಿ ಇದನ್ನ ಹೇಳಿದ ದಿನ ರೂಮ್‌ಮೇಟ್ ಬಿದ್ದು ಬಿದ್ದು ನಕ್ಕು, "ಬ್ಲೂಟೂತ್ ಮಡಕೆನಾ?" ಅಂದ. ಇಲ್ಲಪ್ಪ, ಕುಂಬಾರರು ಮಾಡಿದ ಮಣ್ಣಿನ ಮಡಕೆ. ಅದರ ಬಾಯಿಗೆ ಆರು ಇಂಚಿನ ಒಂದು ಬೆತ್ತಲೆ ಸ್ಪೀಕರ್ ಕೂರಿಸಿ, ಸುತ್ತ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದು, ತಳಕ್ಕೆ ಸಣ್ಣ ತೂತು ಹೊಡೆದು ವೈರ್ ಎಳೆದಿದ್ರು. ಮಗ್ಗದ ಮನೆಯ ಗೋಡೆ ಗೂಡಲ್ಲಿ ಅದು ಅಡ್ಡ ಮಲಗಿರ್ತಿತ್ತು. ಟೇಪ್ ರೆಕಾರ್ಡರ್ ಕೆಳಗೆ ಸ್ಟೂಲ್ ಮೇಲೆ. ಬಯಲುಸೀಮೆ ಕಡೆ ಊರುಗಳವರಿಗೆ ಇದು ಹೊಸದೇನಲ್ಲ, ನಿಮ್ಮಲ್ಲೂ ಕೆಲವರ ಮನೇಲಿ ಇದ್ದಿರಬಹುದು. ಬೆಂಗಳೂರಿನವರಿಗೆ ಮಾತ್ರ ವಿವರಿಸಬೇಕು.

ಊರು ಮೊಳಕಾಲ್ಮೂರು. "ಅದೆಲ್ಲಿ ಬರುತ್ತೆ?" ಅಂತ ಕೇಳಿದ್ರೆ ಮೊದಲು ಚಳ್ಳಕೆರೆ ಅಂತೀನಿ. ಈಗ ಚಳ್ಳಕೆರೆ ಅಂದ್ರೆ ಇಂಜಿನಿಯರಿಂಗ್ ಹುಡುಗರಿಗೆ ಇಸ್ರೋ, ಐಐಎಸ್‌ಸಿ ನೆನಪಾಗುತ್ತೆ. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಚಂದ್ರನ ಗುಂಡಿಗಳಂಥ ಗುಂಡಿಗಳನ್ನ ಉಳ್ಳಾರ್ತಿ ಕಾವಲಲ್ಲೇ ತೋಡಿದ್ದು. ನಮ್ಮಪ್ಪನ ಕಾಲದವರಿಗೆ ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ ಗಿರಣಿ, ಕುರಿ, ಕಂಬಳಿ. ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ. ಅಪ್ಪ ಕುಣಿ ಮಗ್ಗದಲ್ಲಿ ಕೂತು ನೇಯ್ತಾರೆ. ಅಮ್ಮ ಕಂಡಿಕೆ ಸುತ್ತಿಕೊಡ್ತಾರೆ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡೋ ಸದ್ದು, ಹಲಗೆ ಬಡಿಯೋ ಸದ್ದು, ಇವುಗಳ ನಡುವೆ ಮಡಕೆಯಿಂದ ಅಣ್ಣಾವ್ರ ಹಾಡು, ಭದ್ರಾವತಿ ಆಕಾಶವಾಣಿ, ಆಮೇಲೆ ಚಿತ್ರದುರ್ಗ ಆಕಾಶವಾಣಿ. ನಾನು ಸಂಗೀತ ಅಂತ ಮೊದಲು ಕೇಳಿದ್ದು ಇಷ್ಟನ್ನೇ, ಮತ್ತು ಎಲ್ಲ ಹಾಡಲ್ಲೂ ಮಗ್ಗದ ತಾಳ ಇದ್ದೇ ಇರುತ್ತೆ ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ.

ಒಂದು ವಿಷಯ ಗಮನಿಸಿ. ನಮ್ಮ ಮನೇಲಿ ಯಾರೂ ಕೂತು ಹಾಡು ಕೇಳ್ತಿರಲಿಲ್ಲ. ಹಾಡು ಹಾಕೋದು ಕೆಲಸ ಸಾಗಲಿ ಅಂತ. ಸೀರೆಗೆ ಇಷ್ಟು ಅಂತ ಮಜೂರಿ. ಮಗ್ಗ ನಿಂತ್ರೆ ದುಡ್ಡು ನಿಂತ ಹಾಗೆ. ಊಟಕ್ಕೆ, ದಾರ ಹರಿದಾಗ, ಕರೆಂಟ್ ಹೋಗಿ ಕತ್ತಲಾದಾಗ ಬಿಟ್ರೆ ಅಪ್ಪ ಕುಣಿಯಿಂದ ಕಾಲು ಮೇಲೆತ್ತಿದ್ದನ್ನ ನಾನು ನೋಡಿದ್ದು ಕಮ್ಮಿ.

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಮ್ಮ ಡಿಪಾರ್ಟ್‌ಮೆಂಟಿನ ಒಂದು ಲ್ಯಾಬಲ್ಲಿ ಮೊದಲ ಸಲ ಒಳ್ಳೆ ಸ್ಪೀಕರ್ ಕೇಳಿದೆ. ಸರ್ ಒಬ್ಬರು ಅಳತೆಗೆ ಅಂತ ಇಟ್ಟಿದ್ದ ಜೋಡಿ. "ಯಾವುದಾದ್ರೂ ನಿಂಗೆ ಚೆನ್ನಾಗಿ ಗೊತ್ತಿರೋ ಹಾಡು ಹಾಕು" ಅಂದ್ರು. ಮಡಕೆಯಲ್ಲಿ ಸಾವಿರ ಸಲ ಕೇಳಿದ್ದ ಅಣ್ಣಾವ್ರ ಹಾಡೊಂದನ್ನೇ ಹಾಕಿದೆ. ಮೊದಲ ಸಾಲಿಗೆ ಮುಂಚೆ ಅವರು ಉಸಿರು ಎಳೆದುಕೊಳ್ಳೋದು ಕೇಳಿಸ್ತು. ತಬಲಾದ ಎಡಗೈ ಒಂದು ಹದದಲ್ಲಿ ಒತ್ತಿ ಜಾರೋದು, ಹಿಂದೆ ಎಲ್ಲೋ ಒಂದು ಪಿಟೀಲು ಗುಂಪು ನನ್ನ ಎಡಕ್ಕೆ ಕೂತಿರೋದು. ಆ ಪಿಟೀಲು ನನ್ನ ಲೆಕ್ಕದಲ್ಲಿ ಆ ಹಾಡಲ್ಲಿ ಇರಲೇ ಇಲ್ಲ. ಹತ್ತೊಂಬತ್ತು ವರ್ಷ ಕೇಳಿದ ಹಾಡು ನಂಗೆ ಅರ್ಧ ಮಾತ್ರ ಗೊತ್ತಿತ್ತು ಅಂತ ತಿಳಿದು ಒಂಥರಾ ಅವಮಾನವೇ ಆಯ್ತು ಅನ್ನಿ. ಸದ್ದು ಜೋರೇನೂ ಇರಲಿಲ್ಲ, ಪಕ್ಕದವನು ಮಾತಾಡಿದ್ರೆ ಕೇಳಿಸ್ತಿತ್ತು. ಗಣಪತಿ ಹಬ್ಬದ ಡಿಜೆಯಲ್ಲಿ ಎದೆ ನಡುಗುತ್ತಲ್ಲ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.

ಆ ರಾತ್ರಿಯಿಂದ ಮಡಕೆಯ ಹಿಂದೆ ಬಿದ್ದೆ. ಯಾಕೆ ಅದು ಹಾಗೆ ಕೇಳಿಸ್ತಿತ್ತು? ಯಾಕೆ ಮಡಕೆ?

ಬೆತ್ತಲೆ ಸ್ಪೀಕರ್‌ನ ಕಾಗದದ ಕೋನ್ ಮುಂದೆ ಹೋದಾಗ ಮುಂದಿನ ಗಾಳಿ ಒತ್ತುತ್ತೆ, ಅದೇ ಹೊತ್ತಿಗೆ ಹಿಂದಿನ ಗಾಳಿ ತೆಳುವಾಗುತ್ತೆ. ಎರಡೂ ಅಂಚಿನ ಸುತ್ತ ಬಂದು ಸೇರಿ ಒಂದನ್ನೊಂದು ಅಳಿಸಿಹಾಕ್ತವೆ. ಹೈ ಫ್ರೀಕ್ವೆನ್ಸಿಗೆ ಅಲೆಯ ಉದ್ದ ಕಮ್ಮಿ, ಅಷ್ಟು ತೊಂದರೆ ಇಲ್ಲ. 100 ಹರ್ಟ್ಜ್‌ನ ಅಲೆ ಸುಮಾರು ಮೂರೂವರೆ ಮೀಟರ್. ಆರು ಇಂಚಿನ ಸ್ಪೀಕರ್ ಸುತ್ತಿ ಬರೋದು ಅದಕ್ಕೆ ಲೆಕ್ಕವೇ ಅಲ್ಲ. ಹಾಗಾಗಿ ಬೇಸ್ ಮಾಯ. ಹಿಂದಿನ ಸದ್ದನ್ನ ಕಟ್ಟಿಹಾಕಬೇಕು. ಅಂದ್ರೆ ಪೆಟ್ಟಿಗೆ ಬೇಕು. ಪೆಟ್ಟಿಗೆ ಮಾಡಿಸೋಕೆ ದುಡ್ಡು ಇಲ್ಲ, ಮಡಕೆ ಇದೆ. ನಮ್ಮ ಕಡೆಯ ಯಾರೋ ಪುಣ್ಯಾತ್ಮರು ಇದನ್ನ ಥಿಯರಿ ಇಲ್ಲದೆ ಕಂಡುಕೊಂಡಿದ್ರು.

ಈಗ ನಾವು ನೋಡೋ ಥರದ ಸ್ಪೀಕರ್ ಬಂದಿದ್ದು 1925ರಲ್ಲಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರ ಕೈಯಿಂದ. ಕಹಳೆ ಇಲ್ಲದೆ, ಕಾಯಿಲ್ ಕಟ್ಟಿದ ಕೋನ್ ನೇರವಾಗಿ ಗಾಳಿಯನ್ನ ತಳ್ಳೋ ಸ್ಪೀಕರ್. (ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಪತ್ತೆ ಮಾಡಿದವರೂ ರೈಸೇ, ಬಿ.ಎಲ್. ರೈಸ್, 1892ರಲ್ಲಿ. ಹೆಸರು ಒಂದೇ ಅಷ್ಟೇ. ಆದ್ರೂ ಇದನ್ನ ವೈವಾದಲ್ಲಿ ಹೇಳಿ ಎಕ್ಸಾಮಿನರ್‌ನ ನಗಿಸಿದ್ದೀನಿ.) ಪೆಟ್ಟಿಗೆಯ ಲೆಕ್ಕ ಸರಿಯಾಗಿ ಕೈಗೆ ಸಿಕ್ಕಿದ್ದು ಇನ್ನೂ ತಡವಾಗಿ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಬರೆದ ಪೇಪರ್, ಆಮೇಲೆ 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬರೆದವು. ಅವರಿಂದಾಗಿ ಸ್ಪೀಕರ್ ಡಬ್ಬದ ಮೇಲೆ ಮೂರು ನಂಬರ್ ಸಿಗುತ್ತೆ: ಸ್ಪೀಕರ್‌ನ ಸ್ವಂತ ಕಂಪನದ ಫ್ರೀಕ್ವೆನ್ಸಿ, ಅದರ ಕ್ಯೂ, ಮತ್ತು ಎಷ್ಟು ಲೀಟರ್ ಗಾಳಿಯ ಬಿಗಿತ ಅದರ ಸ್ವಂತ ಬಿಗಿತಕ್ಕೆ ಸಮ ಅನ್ನೋದು. ಇವು ಮೂರು ಗೊತ್ತಿದ್ರೆ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಅಂತ ಕ್ಯಾಲ್ಕುಲೇಟರ್‌ನಲ್ಲಿ ಸಿಗುತ್ತೆ.

ದಸರಾ ರಜೆಗೆ ಊರಿಗೆ ಹೋದಾಗ ಮಡಕೆಯನ್ನ ಗೂಡಿಂದ ಇಳಿಸಿ, ಸ್ಪೀಕರ್ ಬಿಚ್ಚಿ, ತಳದ ತೂತಿಗೆ ಬೆರಳು ಒತ್ತಿಕೊಂಡು ಲೀಟರ್ ಚೊಂಬಲ್ಲಿ ನೀರು ತುಂಬಿ ಅಳೆದೆ. ಹತ್ತು ಚೊಂಬು. ಅಮ್ಮ ಹೊಸಿಲ ಮೇಲೆ ನಿಂತು ನೋಡಿ, "ಓದಿದ್ದೆಲ್ಲ ಇದಕ್ಕೇನಾ?" ಅಂದ್ರು. ಸ್ಪೀಕರ್‌ನ ಹಾಸ್ಟೆಲ್‌ಗೆ ತಂದು ಅಳೆದ್ರೆ: 75 ಹರ್ಟ್ಜ್, ಕ್ಯೂ 0.8, ಗಾಳಿ 20 ಲೀಟರ್. ಹತ್ತು ಲೀಟರ್ ಮಡಕೆಯಲ್ಲಿ ಅದನ್ನ ಮುಚ್ಚಿದ್ರೆ ಎರಡೂ 1.73 ಪಟ್ಟು ಏರ್ತವೆ. 130 ಹರ್ಟ್ಜ್, ಕ್ಯೂ ಸುಮಾರು 1.4. ಕ್ಯೂ 0.7ರ ಆಸುಪಾಸಿದ್ರೆ ಹದ, 1.4 ಅಂದ್ರೆ ಒಂದೇ ಒಂದು ಜಾಗದಲ್ಲಿ ಗುಡ್ಡದ ಹಾಗೆ ಉಬ್ಬಿ, ಆಮೇಲೆ ಧೊಪ್ಪಂತ ಇಳಿಯುತ್ತೆ. ಮದ್ದಳೆ ಇರಲಿ, ಗಿಟಾರ್ ಇರಲಿ, ಗಂಡಸಿನ ದನಿ ಇರಲಿ, ಎಲ್ಲದಕ್ಕೂ ಒಂದೇ "ಗುಂ". ನಮ್ಮ ಮಡಕೆಯ ಆ ಗುಂ ನಂಗೆ ಈಗಲೂ ಇಷ್ಟ, ಸುಳ್ಳು ಹೇಳೋಕಾಗಲ್ಲ. ಆದ್ರೆ ಅದು ಹಾಡಿನದಲ್ಲ, ಮಡಕೆಯದು.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಇರೋಕೆ ಕಾರಣ ಒಂದು ಕ್ಯಾಸೆಟ್.

1996ರಲ್ಲಿ ನಮ್ಮತ್ತೆಯ ಮದುವೆ ಆಯ್ತು. ಯಾರೋ ನೆಂಟರು ಟೂ-ಇನ್-ಒನ್ ತಂದು, ಅದರಲ್ಲೇ ಇದ್ದ ಸಣ್ಣ ಮೈಕ್‌ನಲ್ಲಿ ಹೆಂಗಸರು ಹೇಳಿದ ಸೋಬಾನೆ ಪದಗಳನ್ನ ಅರವತ್ತು ನಿಮಿಷದ ಕ್ಯಾಸೆಟ್‌ಗೆ ತುಂಬಿಸಿದ್ರು. ನಮ್ಮಜ್ಜಿ, ಅಪ್ಪನ ತಾಯಿ, ಚಳ್ಳಕೆರೆ ಕಡೆಯ ಹಳ್ಳಿಯವರು. ಪದಗಳ ಸೀಮೆ ಅದು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಾರದೆ ಸಾವಿರಾರು ಪದ ಬಾಯಲ್ಲಿಟ್ಟುಕೊಂಡಿದ್ರು. ಕೃಷ್ಣಮೂರ್ತಿ ಹನೂರರು ಅವನ್ನ ಬರೆದುಕೊಂಡು ಪುಸ್ತಕ ಮಾಡಿದ್ರು, ಹಂಪಿ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಕೊಟ್ಟಿತು. ನಮ್ಮಜ್ಜಿ ಅಂಥ ದೊಡ್ಡವರೇನಲ್ಲ. ಮುಂದೆ ಹೇಳೋರೂ ಅಲ್ಲ, ಹಿಂದೆ ಸೊಲ್ಲು ಎತ್ತಿಕೊಳ್ಳೋ ಗುಂಪಲ್ಲಿ ಒಬ್ಬರು. ತೀರಿಕೊಂಡಿದ್ದು 2002ರಲ್ಲಿ, ನಾನು ಹುಟ್ಟೋಕೆ ಎರಡು ವರ್ಷ ಮೊದಲು. ಮನೇಲಿರೋದು ಓಟರ್ ಕಾರ್ಡಿಂದ ದೊಡ್ಡದು ಮಾಡಿಸಿದ ಒಂದು ಫೋಟೋ, ಅದರಲ್ಲಿ ಕಣ್ಣು ಅರ್ಧ ಮುಚ್ಚಿದೆ. ಅವರ ದನಿ ಹೆಂಗಿತ್ತು ಅಂತ ಒಮ್ಮೆ ಅಪ್ಪನ್ನ ಕೇಳಿದ್ದಕ್ಕೆ, "ದಪ್ಪ ದನಿ" ಅಂದ್ರು. ಸ್ವಲ್ಪ ಹೊತ್ತಾದ ಮೇಲೆ, "ಸರಿಯಾಗಿ ನೆಪ್ಪಿಲ್ಲ ಕಣ್ಲಾ" ಅಂದ್ರು. ಆ ಎರಡನೇ ಮಾತು ನನ್ನ ತಲೇಲಿ ಕೂತುಬಿಟ್ಟಿತು.

ಕ್ಯಾಸೆಟ್ ಮಡಕೆಯಲ್ಲಿ ಅನೇಕ ಸಲ ಓಡಿದೆ. ಮುಂದೆ ಹೇಳೋ ದೊಡ್ಡಮ್ಮನ ಕೀಚು ದನಿ ಮಾತ್ರ ಸ್ಪಷ್ಟ, ಹಿಂದಿನವರೆಲ್ಲ ಒಂದು ಗೊಜ್ಜು. ಟೇಪ್ ರೆಕಾರ್ಡರ್ ಕೆಟ್ಟ ಮೇಲೆ ಅದು ಟ್ರಂಕ್ ಸೇರಿತು. ನಾನು ಹಾಸ್ಟೆಲ್‌ಗೆ ತಂದು ಹಳೇ ಡೆಕ್ ಒಂದನ್ನ ಹುಡುಕಿ ಕಂಪ್ಯೂಟರ್‌ಗೆ ಹಾಕಿಕೊಂಡೆ. ಹೆಡ್ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತೆ, ಹೆಡ್ ಎಷ್ಟು ಓರೆ ಅನ್ನೋದನ್ನ ಸರಿಮಾಡೋಕೆ. ರೆಕಾರ್ಡ್ ಮಾಡಿದ ಮಷೀನಿನ ಹೆಡ್ ಓರೆಯಿದ್ರೆ ಓದೋ ಹೆಡ್ಡೂ ಅಷ್ಟೇ ಓರೆ ಆಗಬೇಕು, ಇಲ್ಲಾಂದ್ರೆ ಮೇಲಿನ ಫ್ರೀಕ್ವೆನ್ಸಿ ಎಲ್ಲ ಮಂಕು. ಕೂದಲೆಳೆಯಷ್ಟು ತಿರುಗಿಸ್ತಾ ತಿರುಗಿಸ್ತಾ ಬಳೆ ಸದ್ದು ಚುರುಕಾಗೋ ಜಾಗಕ್ಕೆ ನಿಲ್ಲಿಸಿದೆ. ಎ ಸೈಡ್ ಬಂತು. ಬಿ ಸೈಡ್‌ಗೆ ತಿರುಗಿಸೋಕೆ ಹೋದಾಗ ಟೇಪನ್ನ ಹೆಡ್‌ಗೆ ಒತ್ತೋ ಪುಟ್ಟ ಬಟ್ಟೆ ಪ್ಯಾಡ್ ಕಿತ್ತು ಬಂದು ಕೈಗೆ ಬಿತ್ತು. ಅವತ್ತಿಗೆ ಸಾಕು ಅಂತ ಮುಚ್ಚಿಟ್ಟೆ.

ಫೋನಲ್ಲಿ ಕೇಳಿದೆ. ದೊಡ್ಡಮ್ಮನ ಕೀಚು, ಬಳೆ, ಮಗುವಿನ ಅಳು. ಫೋನಿನ ಸ್ಪೀಕರ್ ನಾಲ್ಕೈದು ನೂರು ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನೂ ಕೊಡಲ್ಲ. ಸ್ಪೆಕ್ಟ್ರಮ್ ತೆಗೆದು ನೋಡಿದೆ. ಮುಂದಿನ ದನಿ 380ರ ಹತ್ತಿರ. ಅದರ ಕೆಳಗೆ 190ರ ಹತ್ತಿರ ಒಂದು ತೆಳು ಎಳೆ, ಸೊಲ್ಲು ಬಂದಾಗ ಮಾತ್ರ ಹುಟ್ಟಿ ಸೊಲ್ಲು ಮುಗಿದಾಗ ಸಾಯುತ್ತೆ. ಸರಿಯಾಗಿ ಒಂದು ಸ್ಥಾಯಿ ಕೆಳಗೆ ಯಾರೋ ಹಾಡ್ತಿದ್ದಾರೆ. ಸಿಗ್ನಲ್ಸ್ ಓದಿದವರಿಗೆ ಗೊತ್ತಾಗುತ್ತೆ: 190ರ ಹಾರ್ಮೋನಿಕ್ಸ್ 380, 570, 760 ಹೀಗೆ. ಅದರಲ್ಲಿ ಒಂದು ಬಿಟ್ಟು ಒಂದು, ಮೇಲಿನ ದನಿಯ ಹಾರ್ಮೋನಿಕ್ಸ್ ಮೇಲೇ ಬಂದು ಕೂರುತ್ತೆ. ಬುಡದ 190 ಕಿತ್ತುಹಾಕಿದ್ರೆ ಆ ದನಿ ಮೇಲಿನ ದನಿಯೊಳಗೇ ಕರಗಿಹೋಗುತ್ತೆ. ಫೋನ್ ಮಾಡ್ತಿದ್ದಿದ್ದು ಅದನ್ನೇ. ಮಡಕೆ ಅದಕ್ಕೆ ಉಲ್ಟಾ, 130ರಲ್ಲಿ ಉಬ್ಬಿ ಮನೆಯ ಗದ್ದಲವನ್ನೆಲ್ಲ ಅದರ ಮೇಲೆ ಸುರೀತಿತ್ತು.

ಇಯರ್‌ಫೋನ್ ಹಾಕಿ ಕೇಳಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಕೇಳಿದೆ. ಒಂದು ದನಿ ಇದೆ ಅಂತ ಗೊತ್ತಾಯ್ತು. ಆದ್ರೆ ಯಾರದ್ದು ಅಂತ ನಂಗೆ ಹೇಗೆ ಗೊತ್ತಾಗಬೇಕು? ಅಪ್ಪನ ಕಿವಿಗೆ ಇಯರ್‌ಫೋನ್ ತುರುಕಿದ್ರೆ, "ತಲೆಯೊಳಗೆ ಯಾರೋ ಕೂಗ್ದಂಗಾಗುತ್ತೆ, ತೆಗಿಯೋ ಮಾರಾಯ" ಅಂತ ಅರ್ಧ ನಿಮಿಷಕ್ಕೆ ಕಿತ್ತುಹಾಕಿದ್ರು.

ಇಂಟರ್ನ್‌ಶಿಪ್‌ನಲ್ಲಿ ಬಂದ ದುಡ್ಡಲ್ಲಿ ಎಸ್.ಪಿ. ರೋಡ್‌ಗೆ ಹೋಗಿ ಆರು ಇಂಚಿನ ಎರಡು ಸ್ಪೀಕರ್, ಎರಡು ಟ್ವೀಟರ್, ಕ್ರಾಸ್‌ಓವರ್‌ಗೆ ಕಾಯಿಲ್, ಕೆಪಾಸಿಟರ್, ಒಂದು ಚಿಕ್ಕ ಆಂಪ್ಲಿಫೈಯರ್ ಬೋರ್ಡ್ ತಂದೆ. ಒಟ್ಟು 9,400 ರೂಪಾಯಿ. ಹೊಸ ಸ್ಪೀಕರ್‌ನ ನಂಬರ್: 50 ಹರ್ಟ್ಜ್, ಕ್ಯೂ 0.4, ಗಾಳಿ 20 ಲೀಟರ್. ಲೆಕ್ಕ ಹಾಕಿ ನೋಡಿದ್ರೆ ಇದಕ್ಕೆ ಬೇಕಾದ ಮುಚ್ಚಿದ ಪೆಟ್ಟಿಗೆ ಹತ್ತು ಲೀಟರ್! ಕ್ಯೂ 0.69, 87 ಹರ್ಟ್ಜ್‌ವರೆಗೆ ಸಲೀಸು. ಅಂದ್ರೆ ನಮ್ಮ ಮಡಕೆಯ ಅಳತೆ ತಪ್ಪಿರಲೇ ಇಲ್ಲ, ಅದಕ್ಕೆ ಕೂರಿಸಿದ ಸ್ಪೀಕರ್ ತಪ್ಪು. ಅಷ್ಟೇ ಅಲ್ಲ. 1950ರ ದಶಕದ ಆರಂಭದಲ್ಲಿ ಹ್ಯಾರಿ ಓಲ್ಸನ್ ಅನ್ನೋರು ಬೇರೆ ಬೇರೆ ಆಕಾರದ ಪೆಟ್ಟಿಗೆಗಳಿಗೆ ಒಂದೇ ಸ್ಪೀಕರ್ ಹಾಕಿ ಅಳೆದು ನೋಡಿದಾಗ ಗುಂಡಗಿನದ್ದೇ ಎಲ್ಲಕ್ಕಿಂತ ನಯವಾಗಿ ಬಂತು, ಘನಾಕಾರದ್ದು ತೀರಾ ಏರುಪೇರು. ಚೂಪು ಅಂಚಿಗೆ ಬಡಿದ ಸದ್ದು ಮತ್ತೆ ಚಿಮ್ಮಿ ತೊಂದರೆ ಕೊಡುತ್ತೆ. ಕುಂಬಾರರಿಗೆ ನಮಸ್ಕಾರ.

ಆದ್ರೂ ಪೆಟ್ಟಿಗೆಯನ್ನೇ ಮಾಡಿಸಿದೆ. ಎರಡು ಒಂದೇ ಅಳತೆಯ ಮಡಕೆ ಸಿಗಲ್ಲ, ಟ್ವೀಟರ್‌ಗೆ ಜಾಗ ಇಲ್ಲ. ಚಳ್ಳಕೆರೆಯಲ್ಲಿ ಬಾಗಿಲು ಕಿಟಕಿ ಮಾಡೋ ಪರಿಚಯದ ಬಡಗಿ ಮಾಮನ ಹತ್ರ ಹದಿನೆಂಟು ಎಂಎಂ ಪ್ಲೈವುಡ್, ಒಳಗೆ 17, 20, 30 ಸೆಂಟಿಮೀಟರ್ ಅಂತ ಚೀಟಿ ಬರೆದುಕೊಟ್ಟೆ. "ಪಾರಿವಾಳಕ್ಕಾ?" ಅಂದ್ರು. ಗಾಳಿ ಒಂಚೂರೂ ಸೋರಬಾರದು ಅಂದಾಗ ಒಂದು ಸಲ ನನ್ನ ಮುಖ ನೋಡಿ, ಮೂಲೆ ಮೂಲೆಗೂ ಮರದ ಪಟ್ಟಿ ಕೊಟ್ಟು, ಫೆವಿಕಾಲ್ ತುಂಬಿ ಮಾಡಿಕೊಟ್ರು. ಪೆಟ್ಟಿಗೆ ಒಳಗೆ ಸದ್ದು ಹೀರೋಕೆ ಏನಾದ್ರೂ ತುಂಬಬೇಕು. ಪುಸ್ತಕಗಳಲ್ಲಿ ಉದ್ದ ಎಳೆಯ ಕುರಿ ಉಣ್ಣೆ ಒಳ್ಳೇದು ಅಂತ ಓದಿದ್ದೆ. ಕುರಿ ಉಣ್ಣೆಗೆ ಚಳ್ಳಕೆರೆಯಲ್ಲಿ ಬರವೇ? ಕಂಬಳಿ ನೇಯೋ ಮನೆಯೊಂದರಲ್ಲಿ ಒಂದು ಚೀಲ ಕೊಟ್ರು, ದುಡ್ಡು ಬೇಡ ಅಂದ್ರು. ಬಸ್ಸಲ್ಲಿ ಮೊಳಕಾಲ್ಮೂರಿನ ತನಕ ಆ ಚೀಲ ಕುರಿ ವಾಸನೆ ಹೊಡೀತಾ ಬಂತು, ಪಕ್ಕದ ಸೀಟಿನವರು ಎದ್ದು ಹಿಂದೆ ಹೋದ್ರು.

ಅಪ್ಪ ಬೆಲೆ ಕೇಳಿದ್ರು. ಹೇಳಿದೆ. ಲಾಳಿ ನಿಲ್ಲಿಸದೆ, "ಎರಡು ಸೀರೆ" ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

ಮೊದಲ ದಿನ ದೊಡ್ಡ ಅನಾಹುತ. ಎಲ್ಲ ಜೋಡಿಸಿ ಅಣ್ಣಾವ್ರ ಹಾಡು ಹಾಕಿದ್ರೆ ಬೇಸೇ ಇಲ್ಲ, ದನಿ ಎಲ್ಲಿಂದ ಬರ್ತಿದೆ ಗೊತ್ತಾಗಲ್ಲ, ಕಿವಿ ಸುತ್ತ ಏನೋ ಸುತ್ತಿದ ಹಾಗೆ. ಮಡಕೆಯೇ ವಾಸಿ. ಕ್ರಾಸ್‌ಓವರ್ ಮೂರು ಸಲ ಬಿಚ್ಚಿ ಬೆಸೆದೆ. ಆಂಪ್ಲಿಫೈಯರ್ ಬೋರ್ಡ್ ಮಾಡಿದವರನ್ನ ಬೈದೆ. ರಾತ್ರಿ ಹತ್ತಕ್ಕೆ ಹತಾಶನಾಗಿ ಟಾರ್ಚಿನ ಸೆಲ್ ಒಂದನ್ನ ತಂದು ಒಂದೊಂದು ಪೆಟ್ಟಿಗೆಯ ವೈರಿಗೆ ಮುಟ್ಟಿಸಿ ನೋಡ್ತಿದ್ದೆ. ಅಪ್ಪ ಊಟ ಮುಗಿಸಿ ಕೈ ಒರೆಸಿಕೊಳ್ತಾ ನೋಡಿ, "ಅದು ಆಚೆ ಬತ್ತೈತೆ, ಇದು ಒಳಕ್ಕೆ ಹೋಗ್ತೈತೆ. ಒಂದು ಹೆಡೆ ಎತ್ತಿದಾಗ ಇನ್ನೊಂದು ಇಳಿಯೋದು ಮಗ್ಗಕ್ಕೆ ಸರಿ. ಇದಕ್ಕೂ ಹಂಗೇನಾ?" ಅಂದ್ರು. ಇದಕ್ಕೆ ಹಂಗಲ್ಲ. ಒಂದು ಪೆಟ್ಟಿಗೆಯ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಒಂದು ತಳ್ಳಿದ ಗಾಳಿಯನ್ನ ಇನ್ನೊಂದು ಎಳೆದುಕೊಳ್ತಿತ್ತು. ಬೆತ್ತಲೆ ಸ್ಪೀಕರ್‌ನ ಅದೇ ಹಳೇ ರೋಗ, ಎರಡು ಪೆಟ್ಟಿಗೆಗಳ ನಡುವೆ. ಮೂರು ವರ್ಷ ಎಲೆಕ್ಟ್ರಾನಿಕ್ಸ್ ಓದಿದವನು ಎರಡು ವೈರ್ ತಿರುಚಿ ಕೂತಿದ್ದೆ. ದಯವಿಟ್ಟು ಇದನ್ನ ನಮ್ಮ ಕ್ಲಾಸಿನವರು ಓದದಿರಲಿ.

ಮರುದಿನ ಒಂದು ಪರೀಕ್ಷೆ ಮಾಡಿದೆ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ 80ರ ದಶಕದಲ್ಲಿ ಸ್ಪೀಕರ್‌ಗಳನ್ನ ಪರದೆ ಹಿಂದೆ ಇಟ್ಟು ಜನರಿಗೆ ಕೇಳಿಸ್ತಿದ್ರು. ಬೆಲೆ, ಹೆಸರು, ಗಾತ್ರ ಕಾಣದಿದ್ದಾಗ ಜನ ಬಹುತೇಕ ಒಂದೇ ಬಗೆಯದ್ದನ್ನ ಮೆಚ್ತಾರೆ: ನೇರ ಬರೋ ಸದ್ದು ಏರುಪೇರಿಲ್ಲದೆ ಸಮ ಇರಬೇಕು, ಪಕ್ಕಕ್ಕೆ ಹರಡೋ ಸದ್ದೂ ಅದೇ ಗುಣದ್ದಿರಬೇಕು. ಯಾಕಂದ್ರೆ ಮನೆಯೊಳಗೆ ನಮ್ಮ ಕಿವಿಗೆ ಬೀಳೋದರಲ್ಲಿ ಬಹಳಷ್ಟು ಗೋಡೆಗೆ ಬಡಿದು ಬರೋದೇ. ನಾನು ಅಮ್ಮನ ಹಳೇ ಬೆಡ್‌ಶೀಟ್ ಕಟ್ಟಿ, ಹಿಂದೆ ಮಡಕೆಯನ್ನೂ ಒಂದು ಪೆಟ್ಟಿಗೆಯನ್ನೂ ಇಟ್ಟು, ಎರಡರ ಜೋರು ಫೋನಿನ ಮೀಟರಲ್ಲಿ ಸಮ ಮಾಡಿ, ಅಪ್ಪ, ಅಮ್ಮ, ತಂಗಿ, ಪಕ್ಕದ ಮನೆ ಮಾಮ ನಾಲ್ವರನ್ನೂ ಕೂರಿಸಿದೆ. ಅಣ್ಣಾವ್ರ ಹಾಡಿಗೆ ಅಪ್ಪ ಮತ್ತು ಮಾಮ ಮಡಕೆಯನ್ನೇ ಆರಿಸಿದ್ರು! ಸಿದ್ಧಾಂತ ಮಣ್ಣುಪಾಲು. ಯಾಕೆ ಅಂದ್ರೆ, "ಈ ಹಾಡು ಹಿಂಗೇ ಇರೋದು" ಅಂದ್ರು ಅಪ್ಪ. ಅಮ್ಮ ಮಾತ್ರ ಪೆಟ್ಟಿಗೆಯ ಕಡೆ ಕೈ ತೋರಿಸಿ, "ಅದರಲ್ಲಿ ಮಾತು ತಿಳೀತೈತೆ" ಅಂದ್ರು. ಮೂವತ್ತು ವರ್ಷದಿಂದ ಒಂದು ಸಾಲನ್ನ ತಪ್ಪಾಗಿ ಗುನುಗ್ತಿದ್ರಂತೆ.

ಸೋಬಾನೆ ಕ್ಯಾಸೆಟ್ ಹಾಕಿದ್ದು ಮೂರನೇ ಸಂಜೆ. ಮಗ್ಗದ ಮನೆಯಲ್ಲಿ ಗೋಡೆ ಖಾಲಿ, ನೆಲ ಕಡಪಾ ಕಲ್ಲು, ಚಪ್ಪಾಳೆ ತಟ್ಟಿದ್ರೆ ಗಂಟೆ ಹೊಡೆದ ಹಾಗೆ ಮಾರ್ದನಿ. ಎರಡು ಕಂಬಳಿ ಹಿಂದಿನ ಗೋಡೆಗೆ ನೇತುಹಾಕಿದೆ. ಪೆಟ್ಟಿಗೆಗಳನ್ನ ಮೂಲೆಯಿಂದ ಎಳೆದು, ಕೂತವರ ಕಿವಿ ಮಟ್ಟಕ್ಕೆ ಎರಡು ಸ್ಟೂಲ್ ಮೇಲಿಟ್ಟೆ. ಕುಣಿಯಲ್ಲಿ ಕೂತ ಅಪ್ಪನಿಗೆ ಎರಡೂ ಸಮ ದೂರ ಬರೋ ಹಾಗೆ. ಅವರು ನೇಯ್ತಾನೇ ಇದ್ರು, ಸೆರಗು ಮುಗಿಸೋದಿತ್ತು. ನಾನೂ ನಿಲ್ಲಿಸಿ ಅಂತ ಹೇಳಲಿಲ್ಲ.

ಶುರುವಲ್ಲಿ ಹಿಸ್ ಸದ್ದು. ಯಾರೋ ಕೆಮ್ಮಿದ್ರು. ಯಾರೋ ಮೈಕ್ ಹತ್ತಿರ ಸ್ಟೀಲ್ ತಟ್ಟೆ ಇಟ್ರು, ಅದು ನಿಜವಾಗಿ ನಮ್ಮ ಮನೇಲೇ ಇಟ್ಟ ಹಾಗಿತ್ತು, ಅಮ್ಮ ತಿರುಗಿ ನೋಡಿದ್ರು. ದೊಡ್ಡಮ್ಮ ಪದ ಎತ್ತಿದ್ರು. ಟೇಪ್ ಮೋನೋ, ಹಾಗಾಗಿ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ, ಗೂಡಿನ ಕೆಳಗೆ, ಖಾಲಿ ಜಾಗದಲ್ಲಿ ನಿಂತಿತು. ಫೋನಿನ ಕೀಚು ಇಲ್ಲ. ವಯಸ್ಸಾದ, ಸ್ವಲ್ಪ ಒಡೆದ, ತುಂಬು ದನಿ. ಸೊಲ್ಲು ಬಂತು. ಹಿಂದಿನವರು ಒಂದು ಗೊಜ್ಜಲ್ಲ, ಮೂರ್ನಾಲ್ಕು ಜನ, ಬೇರೆ ಬೇರೆ. ಒಬ್ಬರು ಅರ್ಧ ಮಾತ್ರೆ ತಡವಾಗಿ ಸೇರ್ತಾರೆ. ಕೆಳಗೆ, ಎಲ್ಲರ ಕೆಳಗೆ, ಒಂದು ದಪ್ಪ ದನಿ.

ಎರಡನೇ ಸೊಲ್ಲಿಗೆ ಲಾಳಿ ನಿಂತಿತು.

ದಾರ ಹರೀತೇನೋ ಅಂತ ನೋಡಿದೆ. ಹರಿದಿರಲಿಲ್ಲ. ಅಪ್ಪ ಹಲಗೆ ಹಿಡಿದ ಕೈಯನ್ನ ಹಾಗೇ ಬಿಟ್ಟು ಸ್ಟೂಲಿನ ಕಡೆ ಅಲ್ಲ, ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಗೋಡೆ ಕಡೆ ನೋಡ್ತಿದ್ರು. ಮೂರನೇ ಸೊಲ್ಲಿಗೆ, "ಅವ್ವ" ಅಂದ್ರು. ಅಮ್ಮ ಬಾಗಿಲಲ್ಲಿ ನಿಂತು, "ಎಲ್ಲಿ?" ಅಂದ್ರು. "ಕೆಳಗಿನ ದನಿ. ತಡವಾಗಿ ಎತ್ಕೊಂತಾಳೆ ನೋಡು. ಅವ್ವ ಯಾವತ್ತೂ ಹಂಗೇ, ಎಲೆ ಅಡಿಕೆ ಬಾಯಲ್ಲಿಟ್ಕೊಂಡೇ ಪದ ಹೇಳೋಳು, ಬಾಯಿ ಸರಿ ಮಾಡ್ಕೊಳ್ಳೋ ಹೊತ್ತಿಗೆ ಸೊಲ್ಲು ಅರ್ಧ ಹೋಗಿರೋದು."

ನಾನು ಸ್ಪೆಕ್ಟ್ರಮ್‌ನಲ್ಲಿ ಎಷ್ಟು ದಿನ ನೋಡಿದ್ರೂ ಆ ಅರ್ಧ ಮಾತ್ರೆಗೆ ಎಲೆ ಅಡಿಕೆ ಕಾರಣ ಅಂತ ಕಂಡಿರಲಿಲ್ಲ.

ಅವರು ಕುಣಿಯಿಂದ ಕಾಲೆತ್ತಿ ಹೊರಬಂದು ನೆಲದ ಮೇಲೆ ಕೂತ್ರು. ಮೂವತ್ತು ನಿಮಿಷ. ನಡುವೆ ಒಂದೇ ಸಲ ಮಾತಾಡಿದ್ದು, ಜಾಸ್ತಿ ಮಾಡಲಾ ಅಂತ ನಾನು ಕೇಳಿದಾಗ: "ಬ್ಯಾಡ, ಮನೇಲಿ ಹೇಳ್ದಂಗೇ ಐತೆ." ಟೇಪ್ ಮುಗಿದು ಕಟ್ ಅಂದ ಮೇಲೂ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೋಗಿ ಮತ್ತೆ ಮಗ್ಗಕ್ಕೆ ಇಳಿದ್ರು. ಆ ಸೀರೆ ಒಂದು ದಿನ ತಡವಾಗಿ ಇಳೀತು. ಸ್ಪೀಕರ್‌ಗೆ ಎರಡು ಸೀರೆ, ಕೇಳೋಕೆ ಒಂದು ದಿನ ಅಂತ ಅಮ್ಮ ಲೆಕ್ಕ ಹಾಕಿ ಹೇಳಿದ್ರು.

ಅತ್ತೆ ಚಳ್ಳಕೆರೆಯಲ್ಲಿದ್ದಾರೆ. ಫೋನ್ ಮಾಡಿ ಹೇಳಿದಾಗ, ಅದನ್ನೇ ವಾಟ್ಸಾಪಲ್ಲಿ ಕಳಿಸು ಅಂದ್ರು. ಅಪ್ಪ ಪಕ್ಕದಿಂದ, "ಕಳಿಸಬ್ಯಾಡ, ಅದ್ರಲ್ಲಿ ಅವ್ವ ಇರಲ್ಲ, ಇಲ್ಲಿಗೇ ಬರಲಿ" ಅಂದ್ರು. ಯುಗಾದಿಗೆ ಬರ್ತೀನಿ ಅಂದಿದ್ದಾರೆ. ಹಿಂದಿನ ದನಿಗಳಲ್ಲಿ ಉಳಿದ ಇಬ್ಬರು ಯಾರು ಅಂತ ಅಪ್ಪನಿಗೆ ಗೊತ್ತಾಗ್ತಿಲ್ಲ, ಅತ್ತೆಗೆ ಗೊತ್ತಿರಬಹುದು.

ಬಿ ಸೈಡ್ ಇನ್ನೂ ಹಾಗೇ ಇದೆ. ಹಾಳಾದ ಬೇರೆ ಕ್ಯಾಸೆಟ್ ಒಂದರಿಂದ ಪ್ಯಾಡ್ ಕಿತ್ತು ಇದಕ್ಕೆ ಅಂಟಿಸಿದ್ದೀನಿ, ಓಡಿಸಿ ನೋಡಿಲ್ಲ. ಅತ್ತೆ ಬಂದ ಮೇಲೇ ಹಾಕೋಣ ಅಂತ ಅಪ್ಪ ಹೇಳಿದ್ದಾರೆ. ಮಡಕೆ ಮತ್ತೆ ಗೂಡಿಗೆ ಹೋಗಿದೆ. ಅಣ್ಣಾವ್ರ ಹಾಡಿಗೆ ಈಗಲೂ ಅದೇ.